ಒಂದು ಗಂಟೆಯ ದುಡಿಮೆ, ಎರಡು ದಿನದ ಕೂಲಿ

ಟೋಕಿಯೊದ ಔಷಧಿ ಅಂಗಡಿಯಲ್ಲಿ ಒಳ್ಳೆಯ ಮಸ್ಕರಾ ಒಂದಕ್ಕೆ ಸಾವಿರದಿಂದ ಸಾವಿರದ ಮುನ್ನೂರು ಯೆನ್. 2024ರಲ್ಲಿ ಜಪಾನ್ ಗೊತ್ತುಮಾಡಿದ ಕನಿಷ್ಠ ಕೂಲಿ, ದೇಶದ ಸರಾಸರಿಯಲ್ಲಿ, ಗಂಟೆಗೆ 1,055 ಯೆನ್. ಅಲ್ಲಿಯ ಅಂಗಡಿ ಗುಡಿಸುವ ಹುಡುಗಿ ಹೆಚ್ಚುಕಮ್ಮಿ ಒಂದು ಗಂಟೆ ದುಡಿದರೆ ಅದನ್ನು ಕೊಳ್ಳಬಹುದು. ಅದೇ ಮಸ್ಕರಾ ನಮ್ಮ ರೂಪಾಯಿಯಲ್ಲಿ ಏಳುನೂರರ ಹತ್ತಿರ ನಿಲ್ಲುತ್ತದೆ, ಸಾಗಣೆ ಖರ್ಚು ಬೇರೆ. 2024–25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಗುಂಡ್ಲುಪೇಟೆಯ ಕಡೆ ಹೊಲದಲ್ಲಿ ಚೆಂಡುಹೂವು ಬಿಡಿಸುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಈ ಬೆಲೆ ಹೇಳಿದಾಗ ಆಕೆ ಕೈ ನಿಲ್ಲಿಸದೆ ಕೇಳಿದ್ದು: ‘ಅಷ್ಟು ದುಡ್ಡಾ ಕನಕ್ಕಾ? ಎಲ್ಡು ದಿವ್ಸದ ಕೂಲಿ ಆಯ್ತಲ್ಲ!’

ಅಗ್ಗದ ಜಪಾನಿ ಮೇಕಪ್ಪಿನ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ಎದುರಾದದ್ದು ಈ ಲೆಕ್ಕ. ಅಲ್ಲಿ ಯಾರ ಕೈಗೂ ಎಟುಕುವ ಸಾಮಾನು ಕಡಲು ದಾಟಿ ಬರುವಷ್ಟರಲ್ಲಿ ಕೆಲವರ ಸಾಮಾನಾಗಿಬಿಡುತ್ತದೆ. ಆದರೂ ಚಾಮರಾಜನಗರದ ಕಾಲೇಜು ಹುಡುಗಿಯರ ಫೋನಿನಲ್ಲಿ ಈ ಹೆಸರುಗಳೆಲ್ಲ ಓಡಾಡುತ್ತಿವೆ: ಕ್ಯಾನ್‌ಮೇಕ್, ಕೇಟ್, ಹೀರೋಯಿನ್ ಮೇಕ್, ಬಿಯೋರೆ, ಹಾಡಾ ಲಾಬೊ. ಯಾರೋ ಒಬ್ಬಳು ತರಿಸುತ್ತಾಳೆ, ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ ಹಚ್ಚಿ ನೋಡುತ್ತಾರೆ. ನಾನು ಹಚ್ಚಿ ನೋಡಿದ್ದೂ ಹಾಗೆಯೇ. ಕೆಲಸಕ್ಕೆಂದು ಜಪಾನಿಗೆ ಹೋದ ನೆಂಟರ ಪೆಟ್ಟಿಗೆಯಿಂದ ಕೆಲವು, ಕೊರಿಯರ್‌ನಲ್ಲಿ ಬಂದವು ಕೆಲವು.

ನಮ್ಮ ಊರುಗಳಲ್ಲಿ ಮೆಡಿಕಲ್ ಸ್ಟೋರ್ ಬೇರೆ, ಫ್ಯಾನ್ಸಿ ಸ್ಟೋರ್ ಬೇರೆ. ಜ್ವರದ ಮಾತ್ರೆ ಒಂದು ಕಡೆ. ಬಳೆ, ಸ್ಟಿಕ್ಕರ್, ಕಣ್ಕಪ್ಪು, ಸ್ನೋ-ಪೌಡರ್ ಇನ್ನೊಂದು ಕಡೆ. ಜಪಾನಿನಲ್ಲಿ ಎರಡೂ ಒಂದೇ ಸೂರಿನಡಿ ಬೆಳೆದವು. ಇವತ್ತು ದುಬಾರಿ ಹೆಸರಾಗಿರುವ ಶಿಸೇಡೊ 1872ರಲ್ಲಿ ಟೋಕಿಯೊದ ಗಿಂಜಾದಲ್ಲಿ ಶುರುವಾದದ್ದು ಪಾಶ್ಚಾತ್ಯ ಪದ್ಧತಿಯ ಔಷಧಿ ಅಂಗಡಿಯಾಗಿ. ಈಗಿನ ಅಲ್ಲಿಯ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್, ಸೋಪು, ಬಿಸ್ಕತ್ತು, ಲಿಪ್‌ಸ್ಟಿಕ್ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಬಹಳ ಕಾಲ ಅಲ್ಲಿ ಸೌಂದರ್ಯ ಸಾಮಗ್ರಿಯ ಚಿಲ್ಲರೆ ಬೆಲೆಯನ್ನು ಕಂಪನಿಯೇ ಕಟ್ಟಿಹಾಕಲು ಕಾನೂನಿನ ಅವಕಾಶವಿತ್ತು. 1997ರಲ್ಲಿ ಅದು ಪೂರ್ತಿ ಹೋಯಿತು. ಅಂಗಡಿಗಳು ಪೈಪೋಟಿಯಲ್ಲಿ ಬೆಲೆ ಇಳಿಸಿದವು. ಕನೇಬೊ ಕಂಪನಿಯ ‘ಕೇಟ್’ ಹುಟ್ಟಿದ್ದೂ ಅದೇ ವರ್ಷ. 2001ರಿಂದ ಅಲ್ಲಿ ಸೌಂದರ್ಯ ಸಾಮಗ್ರಿಯ ಒಳಗೆ ಏನೇನಿದೆಯೋ ಅಷ್ಟನ್ನೂ ಡಬ್ಬಿಯ ಮೇಲೆ ಬರೆಯುವುದು ಕಡ್ಡಾಯವಾಯಿತು. ಐನೂರು ಯೆನ್ನಿನ ಡಬ್ಬಿಗೂ ಐದು ಸಾವಿರ ಯೆನ್ನಿನ ಡಬ್ಬಿಗೂ ಅದೇ ಕಾನೂನು. ಅಗ್ಗದ ಮೇಕಪ್ಪಿಗೆ ಅಲ್ಲಿ ಮರ್ಯಾದೆ ಬಂದದ್ದಕ್ಕೆ ಇದು ದೊಡ್ಡ ಕಾರಣ ಎಂದು ನನ್ನ ಎಣಿಕೆ. ಕಡಿಮೆ ದುಡ್ಡು ಕೊಟ್ಟವಳಿಗೂ ತಾನು ಏನು ಹಚ್ಚಿಕೊಳ್ಳುತ್ತಿದ್ದೇನೆ ಎಂದು ತಿಳಿಯುವ ಹಕ್ಕು ಸಿಕ್ಕಿತು.

ಈ ಸಾಮಾನುಗಳ ಹಿಂದಿನ ಒಂದು ಕಥೆ ನನ್ನನ್ನು ಬಹಳ ಹಿಡಿದಿಟ್ಟಿದೆ. ‘ಹೀರೋಯಿನ್ ಮೇಕ್’ ಮಸ್ಕರಾ ಮಾಡುವ ಕಂಪನಿಯ ಹೆಸರು ಇಸೆಹಾನ್. ಅದು 1825ರಲ್ಲಿ ಎಡೊದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ತುಟಿಯ ಕೆಂಪು ಮಾರುವ ಅಂಗಡಿಯಾಗಿ ಆರಂಭವಾಯಿತು. ಆ ಕೆಂಪಿನ ಹೆಸರು ಬೆನಿ. ಅದನ್ನು ತೆಗೆಯುತ್ತಿದ್ದದ್ದು ಕುಸುಬೆ ಹೂವಿನಿಂದ. ವಿಜಯಪುರ, ಕಲಬುರಗಿ ಕಡೆ ಎಣ್ಣೆಗಾಗಿ ಬೆಳೆಯುವ ಅದೇ ಮುಳ್ಳು ಕುಸುಬೆ. ಹೂವು ನೋಡಲು ಹಳದಿ. ಅದರಲ್ಲಿರುವ ಬಣ್ಣದ ಬಹುಪಾಲು ನೀರಲ್ಲಿ ಕರಗಿಹೋಗುವ ಹಳದಿಯೇ, ಕೆಂಪು ನೂರಕ್ಕೆ ಒಂದು ಪಾಲಿನಷ್ಟು. ತೊಳೆದು ತೊಳೆದು ಹಳದಿಯನ್ನೆಲ್ಲ ಹರಿಯಬಿಟ್ಟು, ಕ್ಷಾರದ ನೀರಿನಲ್ಲಿ ಕೆಂಪನ್ನು ಬಿಡಿಸಿ, ಹುಳಿ ಬೆರೆಸಿ ಅದನ್ನು ಮತ್ತೆ ಬೇರ್ಪಡಿಸುತ್ತಾರೆ. ಒಳ್ಳೆಯ ಬೆನಿಯನ್ನು ಪಿಂಗಾಣಿ ಬಟ್ಟಲಿಗೆ ಬಳಿದು ಒಣಗಿಸಿದರೆ ಜೀರುಂಡೆಯ ರೆಕ್ಕೆಯಂತೆ ಹಸಿರಾಗಿ ಮಿನುಗುತ್ತದೆ. ಒದ್ದೆ ಕುಂಚ ತಾಗಿದ ಕೂಡಲೇ ಕೆಂಪಾಗುತ್ತದೆ.

ಎಡೊದ ಸಿರಿವಂತ ಹೆಂಗಸರು ಕೆಳತುಟಿಗೆ ಬೆನಿಯನ್ನು ದಪ್ಪಗೆ ಹಚ್ಚಿ ಆ ಹಸಿರು ಹೊಳಪನ್ನು ತರಿಸುತ್ತಿದ್ದರು. ಬೆನಿಯ ಬೆಲೆ ಚಿನ್ನಕ್ಕೆ ಸಮ. ಅಷ್ಟು ಕೊಡಲಾಗದ ಸಾಮಾನ್ಯ ಹೆಂಗಸರು ಒಂದು ದಾರಿ ಕಂಡುಕೊಂಡರು. ತುಟಿಗೆ ಮೊದಲು ಬರೆಯುವ ಕಪ್ಪು ಶಾಯಿ ಬಳಿದು, ಅದರ ಮೇಲೆ ತೆಳ್ಳಗೆ ಬೆನಿ ಎಳೆದರೆ ಅದೇ ಹಸಿರು ಮಿನುಗು. ಅಗ್ಗದ ಜಪಾನಿ ಮೇಕಪ್ಪಿನ ಚರಿತ್ರೆಯನ್ನು ನಾನು ಬರೆಯುವುದಾದರೆ ಇಲ್ಲಿಂದಲೇ ಶುರುಮಾಡುತ್ತೇನೆ. ಕಂಪನಿಗಳ ಪ್ರಯೋಗಶಾಲೆಗಿಂತ ಮೊದಲು ಕೈಯಲ್ಲಿ ಕಾಸಿಲ್ಲದ ಹೆಂಗಸಿನ ಜಾಣ್ಮೆ ಅಲ್ಲಿತ್ತು.

ನಮ್ಮ ಕಡೆಯ ಕುಂಕುಮದ ನೆನಪು ಬಾರದೆ ಇದನ್ನು ಓದಲಾಗುವುದಿಲ್ಲ. ಚಾಮರಾಜನಗರ ಅರಿಶಿನದ ಸೀಮೆ. ಹಳೆಯ ಕ್ರಮದ ಕುಂಕುಮ ಆಗುವುದು ಅರಿಶಿನದ ಕೊಂಬಿನಿಂದ; ನಿಂಬೆರಸ, ಬಿಳಿಗಾರ, ಸುಣ್ಣ ಇವೆಲ್ಲ ಮನೆಮನೆಯ ಅಳತೆಯಲ್ಲಿ ಸೇರುತ್ತಿದ್ದವು. ಅರಿಶಿನದ ಹಳದಿ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ನೀರಿಗೆ ಚಿಟಿಕೆ ಸುಣ್ಣ ಹಾಕಿದಾಗ ಎಲ್ಲರೂ ಕಂಡದ್ದೇ. ಅಲ್ಲಿ ಕುಸುಬೆ, ಇಲ್ಲಿ ಅರಿಶಿನ. ಎರಡೂ ಕಡೆ ಹೆಂಗಸರು ಹಳದಿಯಿಂದ ಕೆಂಪು ತೆಗೆದರು. ಕಾಡಿಗೆಯೂ ಮನೆಯದೇ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ, ಕೂತ ಮಸಿಯನ್ನು ಕೆರೆದು ಹರಳೆಣ್ಣೆಯಲ್ಲೋ ತುಪ್ಪದಲ್ಲೋ ಕಲಸುತ್ತಿದ್ದರು. ಇವತ್ತು ಜಾತ್ರೆಯ ಅಂಗಡಿಯಲ್ಲಿ ಕೆಂಪಗೆ ರಾಶಿ ಹಾಕಿರುವ ಕುಂಕುಮದ ಬಹುಪಾಲು ರಾಸಾಯನಿಕ ಬಣ್ಣ. ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ ಹೊಸದಾಗಿ ಮದುವೆಯಾದವರು ಜೋಡಿಜೋಡಿಯಾಗಿ ಬರುತ್ತಾರಲ್ಲ, ಆ ಹುಡುಗಿಯರ ಹಣೆಗೂ ಅದೇ ಏರುತ್ತದೆ. ಆ ಪುಡಿಯ ಪೊಟ್ಟಣದ ಮೇಲೆ ಏನಿದೆ ಎಂದು ಬರೆದಿರುವುದಿಲ್ಲ. ಜಪಾನಿ ಡಬ್ಬಿಯನ್ನು ಕೈಗೆತ್ತಿಕೊಂಡಾಗ ನನಗೆ ಅಸೂಯೆ ಆಗುವುದು ಇಲ್ಲಿ.

ಇನ್ನು ಹಚ್ಚಿ ನೋಡಿದ ಮಾತು. ಕಣ್ಣಿನ ಸಾಮಾನುಗಳು ನಿಜಕ್ಕೂ ಒಳ್ಳೆಯವು, ಇದನ್ನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಜಪಾನಿನ ಬೇಸಿಗೆಯೂ ಬೆವರಿನ ಬೇಸಿಗೆಯೇ, ಮಳೆಗಾಲ ಬೇರೆ ಇದೆ; ಬೆವರಿಗೂ ನೀರಿಗೂ ಇಳಿಯದ ಐಲೈನರ್, ಮಸ್ಕರಾ ಮಾಡುವುದರಲ್ಲಿ ಅವರ ಕೈ ಪಳಗಿದೆ. ಎರಡು ಬಗೆಯ ಮಸ್ಕರಾ ಇವೆ, ವ್ಯತ್ಯಾಸ ತಿಳಿದು ಕೊಳ್ಳಬೇಕು. ಒಂದು ಮೇಣ-ಎಣ್ಣೆಯ ಆಧಾರದ್ದು. ನೀರಿಗೆ ಜಗ್ಗುವುದಿಲ್ಲ, ತೆಗೆಯಲು ಎಣ್ಣೆಯೋ ರಿಮೂವರೋ ಬೇಕು. ಹೀರೋಯಿನ್ ಮೇಕ್‌ನ ಹೆಸರುವಾಸಿ ಮಸ್ಕರಾ ಈ ಜಾತಿಯದು. ಇನ್ನೊಂದು, ಪ್ರತಿ ರೆಪ್ಪೆಗೂದಲಿಗೂ ತೆಳು ಪೊರೆಯ ಕೊಳವೆ ತೊಡಿಸುವಂಥದ್ದು. ಡೆಜಾವು ಬ್ರ್ಯಾಂಡಿನ ಫೈಬರ್‌ವಿಗ್ ಅಂಥದ್ದು. ಬೆವರಿಗೆ, ಮುಖದ ಜಿಡ್ಡಿಗೆ ಅದು ಕರಗುವುದಿಲ್ಲ. ಆದರೆ ಸ್ನಾನದ ಬಿಸಿನೀರು ತಾಗಿ ಪೊರೆ ಉಬ್ಬಿದರೆ ಸಾಕು, ಉಜ್ಜದೆಯೇ ಸಣ್ಣ ಸಣ್ಣ ಎಳೆಯಾಗಿ ಜಾರಿ ಬರುತ್ತದೆ. ರಾತ್ರಿ ರಿಮೂವರ್ ಹುಡುಕುವ ರಗಳೆ ಬೇಡವಾದವರಿಗೆ, ನಮ್ಮ ಮನೆಗಳ ಹಂಡೆ ನೀರಿನ ಅಭ್ಯಾಸಕ್ಕೆ, ಇದೇ ಹೊಂದುತ್ತದೆ. ಏಪ್ರಿಲ್ ಮಧ್ಯಾಹ್ನ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದರೂ ಕಣ್ಣ ಕೆಳಗೆ ಕಪ್ಪು ಇಳಿಯಲಿಲ್ಲ.

ಮುಖಕ್ಕೆ ಬಳಿಯುವ ಫೌಂಡೇಶನ್ ಮಾತ್ರ ನಮಗಲ್ಲ. ಔಷಧಿ ಅಂಗಡಿಯ ಅಗ್ಗದ ಸಾಲಿನಲ್ಲಿ ಸಿಗುವ ಮೂರೋ ನಾಲ್ಕೋ ಛಾಯೆಗಳು ಅಲ್ಲಿಯ ಮೈಬಣ್ಣಕ್ಕೆ ಅಳೆದು ಮಾಡಿದವು. ಅದರಲ್ಲಿ ಎಲ್ಲಕ್ಕಿಂತ ಗಾಢವಾದದ್ದೂ ನಮ್ಮ ಸೀಮೆಯ ಎಣ್ಣೆಗೆಂಪಿನ ಮುಖದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಹುಡುಗಿಯರು ಅದನ್ನು ಕಂಡು ತಮ್ಮ ಬಣ್ಣವೇ ಸರಿಯಿಲ್ಲ ಅಂದುಕೊಳ್ಳುವುದನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಕೊರತೆ ಇರುವುದು ಆ ಡಬ್ಬಿಯ ಛಾಯೆಯಲ್ಲಿ.

ಬಿಳುಪಿನ ಆಸೆಯ ವಿಷಯ ಬಂದಾಗ ಜಪಾನಿನ ಹೆಸರನ್ನೂ ಕುರುಡಾಗಿ ನಂಬುವಂತಿಲ್ಲ. ಶತಮಾನಗಳ ಕಾಲ ಅಲ್ಲಿಯವರು ಮುಖಕ್ಕೆ ಹಚ್ಚಿದ ಬಿಳಿ ಪುಡಿಯಲ್ಲಿ ಸೀಸ ಇತ್ತು. 1887ರಲ್ಲಿ ಮೇಜಿ ಚಕ್ರವರ್ತಿಯ ಮುಂದೆ ಕಬುಕಿ ಪ್ರದರ್ಶನ ನಡೆಯುತ್ತಿದ್ದಾಗ ನಟ ನಾಲ್ಕನೇ ನಕಾಮುರಾ ಫುಕುಸುಕೆಯ ಕಾಲು ನಡುಗತೊಡಗಿತು. ಅದು ಸೀಸದ ವಿಷ ಎಂಬುದು ಬಯಲಾಗಿ ದೊಡ್ಡ ಸುದ್ದಿಯಾಯಿತು. ಸೀಸವಿಲ್ಲದ ಪುಡಿ 1904ರಲ್ಲಿ ಮಾರುಕಟ್ಟೆಗೆ ಬಂತಾದರೂ ಸೀಸದ ಪುಡಿಗೆ ನಿಷೇಧ ಬಿದ್ದದ್ದು 1930ರ ದಶಕದಲ್ಲಿ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕಕ್ಕೆ ಬಣ್ಣ ಹಚ್ಚಿಸಿಕೊಂಡವರು ಇದನ್ನು ಸುಲಭವಾಗಿ ಗ್ರಹಿಸುತ್ತಾರೆ. ನಮ್ಮ ರಂಗದ ಹಳೆಯ ಬಣ್ಣಗಳಲ್ಲೂ ಅರದಾಳ ಇತ್ತು, ಇಂಗಳೀಕ ಇತ್ತು. ಒಂದು ಪಾಷಾಣದ್ದು, ಇನ್ನೊಂದು ಪಾದರಸದ್ದು. ಇದೆಲ್ಲ ಹಳೆಯ ಕಾಲದ್ದು ಎಂದು ಬಿಡುವಂತೆಯೂ ಇಲ್ಲ. 2013ರ ಜುಲೈಯಲ್ಲಿ ಕನೇಬೊ ಕಂಪನಿ ಬಿಳುಪಿಗೆಂದು ಮಾರಿದ್ದ ಸಾಮಗ್ರಿಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಅದರಲ್ಲಿದ್ದ ರೋಡೊಡೆನಾಲ್ ಎಂಬ ವಸ್ತುವಿನಿಂದ ಸಾವಿರಾರು ಹೆಂಗಸರ ಚರ್ಮದ ಮೇಲೆ ತೊನ್ನಿನಂಥ ಬಿಳಿ ಮಚ್ಚೆಗಳು ಎದ್ದವು. ಅಂಗಡಿಯೂ ಒಳ್ಳೆಯದು, ಹೆಸರೂ ದೊಡ್ಡದು, ಸರ್ಕಾರದ ಒಪ್ಪಿಗೆಯೂ ಇತ್ತು.

ನಮಗೆ ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಗುಂಡ್ಲುಪೇಟೆ ಕೇರಳದ ಬಾಗಿಲಿನಲ್ಲಿರುವ ಊರು. ಕೋಯಿಕ್ಕೋಡಿನ ಹೆದ್ದಾರಿ ಇಲ್ಲಿಂದಲೇ ಬಂಡೀಪುರದ ಕಾಡಿನೊಳಗೆ ಹೋಗುತ್ತದೆ. ಅದೇ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2023ರಲ್ಲಿ ಒಂದು ವಿಚಿತ್ರ ಸಂಗತಿ ಗುರುತಿಸಿದರು. ಮೂತ್ರಪಿಂಡದ ಅಪರೂಪದ ಕಾಯಿಲೆಯೊಂದು ಸಾಲಾಗಿ ಕಾಣಿಸಿಕೊಂಡಿತ್ತು, ಆ ರೋಗಿಗಳಲ್ಲಿ ಹೆಚ್ಚಿನವರು ಮುಖ ಬೆಳ್ಳಗಾಗಲು ಕ್ರೀಮ್ ಹಚ್ಚುತ್ತಿದ್ದರು. ಹುಡುಕಿದಾಗ ಕ್ರೀಮಿನಲ್ಲಿ ಪಾದರಸ. ಪಾದರಸ ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕವೇ ಒಳಗಿಳಿದು ಮೂತ್ರಪಿಂಡ ಸೇರುತ್ತದೆ. ಪಾದರಸದ ವಿಷ ಏನು ಮಾಡಬಲ್ಲದು ಎಂಬುದನ್ನು ಜಗತ್ತು ಕಲಿತದ್ದೇ ಜಪಾನಿನ ಮಿನಮಾತಾ ಎಂಬ ಊರಿನಿಂದ. ಕಾರ್ಖಾನೆಯ ನೀರಿನಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಹತ್ತಿದ ರೋಗ ಅಲ್ಲಿ 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನ ಒಪ್ಪಂದಕ್ಕೆ 2013ರಲ್ಲಿ ದೇಶಗಳು ಸಹಿ ಹಾಕಿದವು, ಭಾರತ 2018ರಲ್ಲಿ ಅನುಮೋದಿಸಿತು. ಸೌಂದರ್ಯ ಸಾಮಗ್ರಿಗೆ ಪಾದರಸ ಬೆರೆಸುವುದನ್ನು ಆ ಒಪ್ಪಂದ ತಡೆಯುತ್ತದೆ. ಹಾಗಿದ್ದೂ ಹೆಸರು ವಿಳಾಸವಿಲ್ಲದ ಡಬ್ಬಿಗಳು ಕೈಯಿಂದ ಕೈಗೆ ದಾಟುತ್ತಲೇ ಇವೆ. ವಾರದಲ್ಲಿ ಮುಖ ಬೆಳ್ಳಗಾಯಿತು ಎಂದು ಯಾರಾದರೂ ಹೇಳಿದರೆ ಅದರಲ್ಲಿ ಪಾದರಸವೋ ಸ್ಟೆರಾಯ್ಡೋ ಇದೆ ಎಂದು ಸಂದೇಹಪಡಿ. ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕಾನೂನಾಗಿದೆ.

ಆದ್ದರಿಂದ ಡಬ್ಬಿ ಓದುವುದನ್ನು ಮೊದಲು ಕಲಿಯಬೇಕು. ಸುತ್ತ ಜಪಾನಿ ಅಕ್ಷರ ಇದ್ದ ಮಾತ್ರಕ್ಕೆ ಅದು ಜಪಾನಿನದಲ್ಲ. ಹೊದಿಕೆ, ಹೆಸರು, ಅಂಗಡಿಯ ಸಜ್ಜು ಎಲ್ಲ ಜಪಾನಿನಂತೆ ಮಾಡಿಕೊಂಡು ಬೆಳೆದ ಮಿನಿಸೊ ಚೀನಾದ ಕಂಪನಿ. 2022ರಲ್ಲಿ ಅದೇ ಇದನ್ನು ಒಪ್ಪಿ ಕ್ಷಮೆ ಕೇಳಿತು. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಹೊರದೇಶದಿಂದ ತಂದು ಮಾರುವ ಸಾಮಗ್ರಿಗೆ ನೋಂದಣಿ ಬೇಕು. ಡಬ್ಬಿಯ ಮೇಲೆ ಆ ನೋಂದಣಿ ಸಂಖ್ಯೆ, ತರಿಸಿದವರ ಹೆಸರು, ವಿಳಾಸ ಇರಬೇಕು. ಸಾಮಾನ್ಯವಾಗಿ ಮೇಲೊಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಆ ಚೀಟಿ ಇಲ್ಲದ ‘ಜಪಾನಿ’ ಸಾಮಾನನ್ನು, ಅದು ನಿಜವೇ ಇದ್ದರೂ, ಕಣ್ಣಿಗೆ ತುಟಿಗೆ ಹಚ್ಚಬೇಡಿ ಎಂದೇ ನಾನು ಹೇಳುವುದು. ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಭಾಗ ಮೀರಬಾರದು, ಪಾಷಾಣ 2 ಭಾಗ ಮೀರಬಾರದು ಎಂಬ ಮಿತಿ ನಮ್ಮ ಕಾನೂನಿನಲ್ಲೂ ಇದೆ. ವಿಳಾಸವಿಲ್ಲದ ಡಬ್ಬಿಯ ಮೇಲೆ ಆ ಕಾನೂನಿನ ಕೈ ಓಡುವುದಿಲ್ಲ.

ಜಪಾನಿ ಔಷಧಿ ಅಂಗಡಿಯಿಂದ ಒಂದೇ ಒಂದು ಸಾಮಾನು ಆರಿಸು ಎಂದರೆ ನಾನು ಸನ್‌ಸ್ಕ್ರೀನ್ ಎತ್ತಿಕೊಳ್ಳುತ್ತೇನೆ. ನೀರಿನಷ್ಟು ತೆಳ್ಳಗೆ, ಅಂಟಿಲ್ಲದೆ, ಬಿಳಿ ಪದರ ಬಿಡದೆ ಹರಡುವ ಸನ್‌ಸ್ಕ್ರೀನನ್ನು ಸಾಮಾನ್ಯ ಬೆಲೆಗೆ ಇಳಿಸಿದ್ದು ಅವರ ದೊಡ್ಡ ಕೆಲಸ. ಎಲ್ಲರ ಬಾಯಲ್ಲಿರುವ ಹೆಸರು ಕಾವೊ ಕಂಪನಿಯ ಬಿಯೋರೆ ಯುವಿ. ಡಬ್ಬಿಯ ಮೇಲಿನ ಎಸ್‌ಪಿಎಫ್ ಎಂಬ ಅಂಕಿ ಚರ್ಮ ಸುಡಿಸುವ ಕಿರಣದ ಲೆಕ್ಕ. ಪಕ್ಕದಲ್ಲಿ ಪಿಎ ಎಂದು ಬರೆದು ಕೂಡು ಗುರುತು ಹಾಕಿರುತ್ತಾರಲ್ಲ, ಅದು ಇನ್ನೊಂದು ಬಗೆಯ ಕಿರಣದ್ದು. ಚರ್ಮದ ಆಳಕ್ಕಿಳಿದು ಮುಖ ಕಂದಿಸುವ, ಬಂಗು ಹೆಚ್ಚಿಸುವ ಕಿರಣ. ಈ ಪಿಎ ಅಳತೆ ಹುಟ್ಟಿದ್ದು ಜಪಾನಿನಲ್ಲಿ, 1996ರಲ್ಲಿ; ನಾಲ್ಕು ಕೂಡು ಗುರುತಿನ ದರ್ಜೆ 2013ರಲ್ಲಿ ಸೇರಿತು. ಈಗ ನಮ್ಮ ದೇಶದ ಸನ್‌ಸ್ಕ್ರೀನ್‌ಗಳ ಮೇಲೂ ಅದೇ ಗುರುತು ಬರುತ್ತಿದೆ. ಬಂಗು ಇರುವವರು ಮೊದಲು ನೋಡಬೇಕಾದದ್ದು ಇದನ್ನು. ಇವುಗಳಲ್ಲಿ ಕೆಲವಕ್ಕೆ ಆಲ್ಕೋಹಾಲ್ ಬೆರೆಸಿರುತ್ತಾರೆ. ಬೇಗ ಆರುತ್ತದೆ, ಆದರೆ ಬೆವರಿನ ಜೊತೆ ಕಣ್ಣಿಗಿಳಿದರೆ ಉರಿ.

ಬಿಸಿಲಿನ ಲೆಕ್ಕದಲ್ಲಿ ನಾವು ಟೋಕಿಯೊಗಿಂತ ಬಹಳ ಮುಂದೆ. ಟೋಕಿಯೊದಲ್ಲಿ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯ ಮೇಲೆ ನೇರ ನಿಲ್ಲುವುದಿಲ್ಲ. ಹನ್ನೆರಡು ಡಿಗ್ರಿ ಅಕ್ಷಾಂಶದ ಆಸುಪಾಸಿನ ಗುಂಡ್ಲುಪೇಟೆಯಲ್ಲಿ ಎರಡು ಸಲ ನಿಲ್ಲುತ್ತಾನೆ, ಏಪ್ರಿಲ್ ಮೂರನೇ ವಾರದ ಕೊನೆಗೆ ಒಮ್ಮೆ, ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಮ್ಮೆ. ಆಗಸ್ಟ್ ಅಂದರೆ ಚೆಂಡುಹೂವಿನ ಕಾಲ. ಹೆದ್ದಾರಿಯ ಎರಡೂ ಕಡೆ ಹೊಲ ಹಳದಿಯಾಗಿ, ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಲದೊಳಗೆ ಬಗ್ಗಿದ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ಹಾಕಿ, ತಲೆಗೆ ಟವೆಲ್ ಸುತ್ತಿರುತ್ತಾರೆ. ಆ ಹೂವು ಚೀಲದಲ್ಲಿ ತೂಕವಾಗಿ ಕಾರ್ಖಾನೆಗೆ ಹೋಗುತ್ತದೆ. ಅದರಿಂದ ತೆಗೆಯುವ ಲ್ಯೂಟಿನ್ ಎಂಬ ಬಣ್ಣ ಕೋಳಿಯ ಮೇವಿಗೆ, ಕಣ್ಣಿನ ಮಾತ್ರೆಗೆ ಸೇರಿ ದೇಶ ದಾಟುತ್ತದೆ. ಜಗತ್ತಿಗೆ ಬಣ್ಣ ಬಿಡಿಸಿಕೊಡುವ ಈ ಕೈ, ಈ ಮುಖ ದಿನವಿಡೀ ಬಿಸಿಲಲ್ಲಿ. ಇವರಿಗೆ ಬೇಕಾದ ಮೊದಲ ಸನ್‌ಸ್ಕ್ರೀನ್ ಆ ಶರ್ಟು, ಆ ಟವೆಲ್ಲೇ. ಯಾವ ಕ್ರೀಮಿಗಿಂತಲೂ ಬಟ್ಟೆ ಮೇಲು. ಉಳಿಯುವುದು ಕೆನ್ನೆ, ಮೂಗು, ಕೈಯ ಮೇಲ್ಭಾಗ.

ಮುಖ, ಕುತ್ತಿಗೆಗೆ ಒಂದು ಸಲಕ್ಕೆ ಒಂದು ಗ್ರಾಮಿನಷ್ಟು ಬೇಕು. ಎರಡು ಬೆರಳುದ್ದ ಹಿಂಡಿಕೊಂಡರೆ ಸರಿಹೋಗುತ್ತದೆ. ಚಿಟಿಕೆಯಷ್ಟು ಸವರಿದರೆ ಡಬ್ಬಿಯ ಮೇಲಿನ ಅಂಕಿಗೆ ಅರ್ಥವಿಲ್ಲ. ಹೊರದೇಶದ ಐವತ್ತು ಗ್ರಾಮಿನ ಟ್ಯೂಬು ಒಂಬೈನೂರು ರೂಪಾಯಿ ಎಂದು ಇಟ್ಟುಕೊಂಡರೆ ಗ್ರಾಮಿಗೆ ಹದಿನೆಂಟು ರೂಪಾಯಿ. ಬಿಸಿಲಲ್ಲಿ ದುಡಿಯುವವರು ಎರಡು ಸಲವಾದರೂ ಹಚ್ಚಬೇಕು, ಅಂದರೆ ದಿನದ ಕೂಲಿಯಲ್ಲಿ ಹತ್ತನೆಯ ಒಂದು ಪಾಲು ಮುಖಕ್ಕೇ ಹೋಯಿತು. ನಮ್ಮ ದೇಶದ ಟ್ಯೂಬು ಮುನ್ನೂರು ರೂಪಾಯಿಯದಾದರೆ ಗ್ರಾಮಿಗೆ ಆರು. ಅದೂ ಒಂದೇ ಏಟಿಗೆ ಮುನ್ನೂರು ಬಿಚ್ಚಬೇಕಾದಾಗ ಭಾರವೇ. ದಿನಗೂಲಿಯ ಮನೆಯಲ್ಲಿ ಸಾಮಾನು ಬರುವುದು ದಿನದ ಲೆಕ್ಕದಲ್ಲಿ.

ಇದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಶುರುವಾದ ಚಿಕ್ ಶಾಂಪೂ ಪುಟ್ಟ ಪೊಟ್ಟಣದಲ್ಲಿ ಹಳ್ಳಿಹಳ್ಳಿಯ ಪೆಟ್ಟಿಗೆ ಅಂಗಡಿಗೆ ಹೋಯಿತು, ಬಾಟಲಿ ಕೊಳ್ಳಲಾಗದವರ ತಲೆಗೂ ಶಾಂಪೂ ಸಿಕ್ಕಿತು. ಒಳ್ಳೆಯ ಸಾಮಾನನ್ನು ಅಗ್ಗಕ್ಕೆ ಮಾಡಿದ ಹಳೆಯ ಉದಾಹರಣೆಯೂ ನಮ್ಮದೇ ಇದೆ: ಮೈಸೂರು ಸಂಸ್ಥಾನದ ಸರ್ಕಾರಿ ಸೋಪು ಕಾರ್ಖಾನೆ, ನಮ್ಮ ಸೀಮೆಯ ಕಾಡುಗಳ ಗಂಧದೆಣ್ಣೆಯ ಪರಿಮಳವನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಸಾಮಾನ್ಯರ ಬಚ್ಚಲುಮನೆಗೆ ತಲುಪಿಸುತ್ತಿದೆ. ಅಂಥ ಸರ್ಕಾರಿ ಕಾರ್ಖಾನೆಯೇ ಐದು ಗ್ರಾಮಿನ ಸನ್‌ಸ್ಕ್ರೀನ್ ಪೊಟ್ಟಣ ಮಾಡಲಿ ಎಂಬುದು ನನ್ನ ಬೇಡಿಕೆ. ಗ್ರಾಮಿಗೆ ಆರು ರೂಪಾಯಿಯ ಲೆಕ್ಕದಲ್ಲೇ ಮೂವತ್ತು ರೂಪಾಯಿ ಆಗುತ್ತದೆ, ಎರಡು ದಿನಕ್ಕೆ ಸಾಕು. ಒಳಗೇನಿದೆ ಎಂಬುದೂ, ಎಷ್ಟು ಹಚ್ಚಬೇಕು ಎಂಬುದೂ ಅದರ ಮೇಲೆ ಕನ್ನಡದಲ್ಲಿ ಇರಲಿ. ಗುಂಡ್ಲುಪೇಟೆ ಬಳಿಯ ತೆರಕಣಾಂಬಿಯ ಸಂತೆಯಲ್ಲಿ ಸೋಪು, ಬಾಚಣಿಗೆ ಮಾರುವವರ ಬಳಿ ಸಿಗಲಿ. ಚೆಂಡುಹೂವಿಗೆ ಮುಂಗಡ ಕೊಟ್ಟು ಬಿತ್ತನೆ ಬೀಜ ಹಂಚುವ ಕಂಪನಿಗಳು ಹೂವು ಬಿಡಿಸುವ ತಿಂಗಳುಗಳಲ್ಲಿ ಅದನ್ನು ಕೂಲಿಯ ಜೊತೆ ಹಂಚಬಹುದು.